ಕಿರುಬೆರಳು

ಮೂರು ತಿಂಗಳಿಂದ ಇಲ್ಲಿ ಏನನ್ನೂ ಬರೆಯಲಿಲ್ಲವೇಕೆಂದು ಹಲವರು ವಿಚಾರಿಸಿದ್ದೀರಿ. ಹಳೆಯ ವಿದ್ಯಾರ್ಥಿಯೊಬ್ಬ, "ಮೇಡಂ, ಇಷ್ಟು ದಿನದ ಗೈರುಹಾಜರಿಗೆ ರಜಾ ಚೀಟಿ ಕೊಡಿ" ಎಂದು ಬರೆದಿದ್ದಾನೆ. ನನ್ನ ಅಸ್ತ್ರವನ್ನು ನನ್ನ ಮೇಲೆಯೇ ಪ್ರಯೋಗಿಸಿದ್ದಾನೆ, ಸಂತೋಷ. ರಜಾ ಚೀಟಿ ಇದು: ಮಗಳ ಎರಡನೆಯ ಬಾಣಂತನಕ್ಕೆಂದು ಲಂಡನ್ನಿಗೆ ಹೋಗಿದ್ದೆ. ರಾಣಿಯರ ಅರಮನೆ, ನದಿಯ ಸೇತುವೆ, ಗಡಿಯಾರದ ಗೋಪುರ ಇವುಗಳ ವರ್ಣನೆಯನ್ನು ನಿರೀಕ್ಷಿಸಿದವರು ಕ್ಷಮಿಸಬೇಕು. ಅವನ್ನೆಲ್ಲ ನೋಡಿದೆ, ಚಳಿಯಲ್ಲಿ ಮೊಣಕಾಲು ನೋಯಿಸಿಕೊಂಡು ನೋಡಿದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ.

ಮಗಳ ಮನೆ ಇರುವುದು ಲಂಡನ್ನಿನ ವಾಯವ್ಯಕ್ಕಿರುವ ಹ್ಯಾರೋ ಎಂಬಲ್ಲಿ. ಅಲ್ಲಿ ಗುಜರಾತಿಗಳು ಬಹಳ. ಮೊದಲ ಮೊಮ್ಮಗಳನ್ನು ಸಂಜೆ ಉದ್ಯಾನಕ್ಕೆ ಕರೆದೊಯ್ಯುತ್ತಿದ್ದಾಗ ಅಲ್ಲಿ ಬೆಂಚಿನ ಮೇಲೆ ಕುಳಿತಿರುತ್ತಿದ್ದ ವೃದ್ಧೆಯೊಬ್ಬರ ಪರಿಚಯವಾಯಿತು. ನನ್ನ ಹಿಂದಿ ಹರಕು, ಅವರ ಹಿಂದಿಯೂ ಅಷ್ಟಕ್ಕಷ್ಟೆ. ಆದುದರಿಂದ ನಮ್ಮಿಬ್ಬರ ಸಂಭಾಷಣೆ ಸರಾಗವಾಗಿ ನಡೆಯುತ್ತಿತ್ತು. ನಾನು ಮೇಷ್ಟ್ರ ಕೆಲಸದಿಂದ ನಿವೃತ್ತಳಾದವಳೆಂದು ತಿಳಿದೊಡನೆ ಅವರು, "ನನಗೆ ಹೊಲಿಗೆ ಕಲಿಸಿದವರೂ ಒಬ್ಬ ಟೀಚರೇ. ಹ್ಯಾರೋ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಒಂದು ಕಾಲಕ್ಕೆ ಈ ದೇಶದ ಸರ್ಕಾರವನ್ನೇ ತಲ್ಲಣಗೊಳಿಸಿದ್ದ ಹೆಂಗಸು. ಇಷ್ಟೇ ಎತ್ತರ" ಎಂದು ತಮ್ಮ ಭುಜದ ಮಟ್ಟಕ್ಕೆ ಕೈ ಹಿಡಿದು ತೋರಿಸಿದರು. ಹೆಸರು ಜಯಾಬೆನ್ ದೇಸಾಯಿ.

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸಮಾಜ ವಿಜ್ಞಾನ ಬೋಧಿಸಿದ ನಾನು ಆ ಹೆಸರನ್ನು ಕೇಳಿರಲಿಲ್ಲ. ನಾಚಿಕೆಯಾಯಿತು. ಮನೆಗೆ ಬಂದು, ಮಗುವನ್ನು ತೊಟ್ಟಿಲಲ್ಲಿ ತೂಗುತ್ತ, ಅಳಿಯಂದಿರ ಲ್ಯಾಪ್‌ಟಾಪಿನಲ್ಲಿ ಹುಡುಕಿ ಹುಡುಕಿ ಓದಿದೆ.

ಜಯಾಬೆನ್ ಗುಜರಾತಿನ ಧರ್ಮಜ್ ಎಂಬ ಊರಿನಲ್ಲಿ 1933ರಲ್ಲಿ ಹುಟ್ಟಿದವರು. ಮದುವೆಯಾಗಿ ಪೂರ್ವ ಆಫ್ರಿಕೆಯ ಟಾಂಗನ್ಯಿಕಕ್ಕೆ, ಅಂದರೆ ಇಂದಿನ ಟಾಂಜಾನಿಯಾಕ್ಕೆ ಹೋದರು. ಅಲ್ಲಿಯ ಭಾರತೀಯ ವರ್ತಕರ ಬದುಕು ಸ್ಥಿತಿವಂತರ ಬದುಕು. ಆ ದೇಶಗಳು ಸ್ವತಂತ್ರವಾದ ಮೇಲೆ ಏಷ್ಯಾದವರಿಗೆ ನೆಲೆ ತಪ್ಪಿತು. 1972ರಲ್ಲಿ ಉಗಾಂಡದ ಈದಿ ಅಮೀನ್ ತೊಂಬತ್ತು ದಿನಗಳ ಗಡುವು ಕೊಟ್ಟು ಅವರನ್ನು ಹೊರಗಟ್ಟಿದ ಸಂಗತಿಯನ್ನು ನಿಮ್ಮಲ್ಲಿ ಕೆಲವರಿಗೆ ನಾನೇ ಪಾಠ ಮಾಡಿರಬಹುದು. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಟಾಂಜಾನಿಯಾ ಮತ್ತು ಕೀನ್ಯಾಗಳಿಂದ ಜನ ಹೊರಟು ಬಂದಿದ್ದರು. ಆಳುಕಾಳು ಇಟ್ಟುಕೊಂಡಿದ್ದ ಹೆಂಗಸರು ಲಂಡನ್ನಿಗೆ ಬಂದು ಕಾರ್ಖಾನೆಗಳಲ್ಲಿ ಕೂಲಿಗೆ ನಿಂತರು. ಹಾಗೆ ಜಯಾಬೆನ್ ಸೇರಿದ್ದು ವಿಲ್ಸ್‌ಡನ್ನಿನ ಗ್ರನ್‌ವಿಕ್ ಎಂಬ ಫೋಟೋ ಸಂಸ್ಕರಣ ಘಟಕವನ್ನು.

ಈಗಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗುತ್ತದೆ. ನಾವು ಮದುವೆ ಮುಂಜಿಗಳ ರೀಲನ್ನು ಪೇಟೆಯ ಸ್ಟುಡಿಯೋಗೆ ಕೊಟ್ಟು ತೊಳೆಸುತ್ತಿದ್ದೆವಲ್ಲ, ಅಲ್ಲಿ ಜನ ರೀಲನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದರು, ಚಿತ್ರಗಳು ಅಂಚೆಯಲ್ಲೇ ಮರಳಿ ಬರುತ್ತಿದ್ದವು. ಬೇಸಿಗೆಯೆಂದರೆ ರಜೆಯ ಕಾಲ, ರಜೆಯೆಂದರೆ ರಾಶಿ ರಾಶಿ ರೀಲು. ಆಗ ಓವರ್‌ಟೈಮು ಕಡ್ಡಾಯ. ಸಂಜೆ ಮನೆಗೆ ಹೊರಡುವ ಹೊತ್ತಿಗೆ "ಈ ದಿನ ನಿಲ್ಲಬೇಕು" ಎಂಬ ಅಪ್ಪಣೆ ಬರುತ್ತಿತ್ತು. ಮ್ಯಾನೇಜರು ಗಾಜಿನ ಕೋಣೆಯಲ್ಲಿ ಕುಳಿತು ಎಲ್ಲರನ್ನೂ ನೋಡುತ್ತಿದ್ದ. ಶೌಚಕ್ಕೆ ಹೋಗಬೇಕಾದರೂ ಅವನ ಅನುಮತಿ ಬೇಕಿತ್ತು. ಗಂಡಸಿನ ಮುಂದೆ ಅದನ್ನು ಕೇಳಲು ಹೆಂಗಸರು ಸಂಕೋಚಪಡುತ್ತಿದ್ದರಂತೆ. ಕೇಳಿಸಿಕೊಳ್ಳುವವನಿಗಿಲ್ಲದ ನಾಚಿಕೆ ಕೇಳುವ ನಿಮಗೇಕೆ, ಗಟ್ಟಿಯಾಗಿಯೇ ಕೇಳಿ ಎಂಬ ಅರ್ಥದ ಮಾತನ್ನು ಜಯಾಬೆನ್ ಅವರಿಗೆ ಹೇಳುತ್ತಿದ್ದರು.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ಮಗು ಮಲಗಿತ್ತು. ನಾನು ಮಾತ್ರ ತೊಟ್ಟಿಲು ತೂಗುತ್ತಲೇ ಇದ್ದೆ.

ನಾನು ಕೆಲಸಕ್ಕೆ ಸೇರಿದ ಹೊಸತು. ತುಮಕೂರು ಜಿಲ್ಲೆಯ ಗಡಿಭಾಗದ ಒಂದು ಪ್ರೌಢಶಾಲೆ. ಹೆಸರು ಬೇಡ. ಹೆಣ್ಣುಮಕ್ಕಳಿಗೆ ಅಲ್ಲಿ ಶೌಚಾಲಯವಿರಲಿಲ್ಲ, ಹಿಂದಿನ ಜಾಲಿ ಮರಗಳ ಮರೆಯೇ ಗತಿ. ಬಿ.ಎಡ್. ಮುಗಿಸಿ ಬಂದ ಬಿಸಿ ನನಗೆ. ತರಗತಿಯ ಶಿಸ್ತೆಂದರೆ ಅಲುಗಾಡದ ಮಕ್ಕಳು ಎಂದು ನಂಬಿದ್ದ ಕಾಲ. ಮಕ್ಕಳು ಕಿರುಬೆರಳೆತ್ತಿ "ಒಂದಕ್ಕೆ ಹೋಗಿ ಬರ್ಲಾ ಮಿಸ್" ಎನ್ನುತ್ತಿದ್ದರು. ಒಬ್ಬರು ಎದ್ದರೆ ಹತ್ತು ಮಂದಿ ಏಳುತ್ತಾರೆಂದು, ಪಾಠದ ನಡುವೆ ಯಾರೂ ಬೆರಳೆತ್ತಕೂಡದೆಂದು ಕಟ್ಟುನಿಟ್ಟು ಮಾಡಿದೆ. ಎಂಟನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಊರಿನವಳಲ್ಲ. ಆಂಧ್ರದ ಕಡೆಯಿಂದ ಕಲ್ಲು ಒಡೆಯಲು ಬಂದ ಸಂಸಾರದ ಮಗಳು. ಕನ್ನಡ ಅವಳಿಗೆ ತಡವರಿಸುತ್ತಿತ್ತು. ಅವಳು ಎರಡು ಸಲ ಬೆರಳೆತ್ತಿದಳು, ನಾನು ಕಣ್ಣಿನಲ್ಲೇ ಗದರಿಸಿದೆ. ಮೂರನೆಯ ಸಲ ಎತ್ತಲಿಲ್ಲ. ಬೆಂಚಿನ ಕೆಳಗೆ ನೀರು ಹರಿದಾಗ ಹುಡುಗರು ನಕ್ಕರು. ನಾನು ನಗಲಿಲ್ಲ, ಆದರೆ ಸಾಂತ್ವನವನ್ನೂ ಹೇಳಲಿಲ್ಲ. "ಮೊದಲೇ ಹೇಳಬಾರದೇ?" ಎಂದೆ. ಅವಳು ಹೇಳಿದ್ದಳು, ಎರಡು ಸಲ ಹೇಳಿದ್ದಳು. ಮರುದಿನದಿಂದ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ವಾರ ಗೈರುಹಾಜರಿ ಗುರುತು ಹಾಕಿ ಆಮೇಲೆ ಹೆಸರನ್ನು ಹೊಡೆದುಹಾಕಿದೆ. ಪರಸ್ಥಳದವರು, ಬೇರೆ ಕಡೆ ಹೋಗಿರಬೇಕೆಂದು ಸಮಾಧಾನ ಹೇಳಿಕೊಂಡೆ. ಹೋಗಿ ವಿಚಾರಿಸಲಿಲ್ಲ. ಕಲ್ಲುಕ್ವಾರಿ ಶಾಲೆಯಿಂದ ಒಂದು ಮೈಲಿಯೂ ಇರಲಿಲ್ಲ.

ಈ ಸಂಗತಿಯನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ.

ಗ್ರನ್‌ವಿಕ್‌ಗೆ ಮರಳುತ್ತೇನೆ. 1976ರ ಬೇಸಿಗೆ ಇಂಗ್ಲೆಂಡಿಗೆ ಅಪರೂಪದ ಸುಡುಬೇಸಿಗೆ. ಆಗಸ್ಟ್ 20, ಶುಕ್ರವಾರ. ಕೆಲಸ ನಿಧಾನವಾಯಿತೆಂದು ಒಬ್ಬ ಯುವಕನನ್ನು ಕೆಲಸದಿಂದ ತೆಗೆದರು, ಅವನ ಜೊತೆಗೆ ಮೂವರು ಹೊರನಡೆದರು. ಅದೇ ಸಂಜೆ ಜಯಾಬೆನ್ ಕೋಟು ತೊಟ್ಟು ಮನೆಗೆ ಹೊರಡಲು ಸಿದ್ಧರಾದಾಗ ಮ್ಯಾನೇಜರು ತಡೆದ. ಮಾತಿಗೆ ಮಾತು ಬೆಳೆಯಿತು. ನೀನು ನಡೆಸುತ್ತಿರುವುದು ಕಾರ್ಖಾನೆಯಲ್ಲ, ಮೃಗಾಲಯ, ಇಲ್ಲಿ ನೀನು ಕುಣಿಸಿದಂತೆ ಕುಣಿಯುವ ಕೋತಿಗಳೂ ಇವೆ, ನಿನ್ನ ತಲೆ ಕಚ್ಚುವ ಸಿಂಹಗಳೂ ಇವೆ, ನಾವು ಆ ಸಿಂಹಗಳು ಎಂಬ ಅವರ ಮಾತು ಆ ದೇಶದಲ್ಲಿ ಇಂದಿಗೂ ಪ್ರಸಿದ್ಧ. ಅಲ್ಲೇ ಕೆಲಸಕ್ಕಿದ್ದ ಮಗ ಸುನಿಲನೂ ತಾಯಿಯ ಹಿಂದೆ ಹೊರಟ.

ಸಿಟ್ಟಿನಿಂದ ಹೊರನಡೆಯುವುದು ಕಷ್ಟವಲ್ಲ. ಸೋಮವಾರ ಮತ್ತೆ ಬಂದು ಗೇಟಿನ ಹೊರಗೆ ನಿಲ್ಲುವುದಿದೆಯಲ್ಲ, ಅದು ಕಷ್ಟ. ಅವರು ಬಂದು ನಿಂತರು. ಕಾರ್ಮಿಕ ಸಂಘವೆಂದರೇನೆಂದು ಅವರಲ್ಲಿ ಬಹುತೇಕರಿಗೆ ತಿಳಿದಿರಲಿಲ್ಲ. ಸುನಿಲ ನಾಗರಿಕ ಸಲಹಾ ಕೇಂದ್ರಕ್ಕೆ ಹೋಗಿ ವಿಚಾರಿಸಿದ, ಅವರು ಕೊಟ್ಟ ದೂರವಾಣಿ ಸಂಖ್ಯೆಗಳಿಂದ ಗುಮಾಸ್ತರ ಸಂಘವಾದ ಅಪೆಕ್ಸ್‌ನ ಸಂಪರ್ಕವಾಯಿತು, ಎಲ್ಲರೂ ಸದಸ್ಯರಾದರು. ಹೊರಗೆ ಬಂದವರ ಸಂಖ್ಯೆ 137ಕ್ಕೆ ಏರಿತು. ಮಾಲೀಕ ಜಾರ್ಜ್ ವಾರ್ಡ್ ಅವರೆಲ್ಲರನ್ನೂ ಕೆಲಸದಿಂದ ತೆಗೆದುಹಾಕಿದ. ಈ ವಾರ್ಡ್ ಹುಟ್ಟಿದ್ದು ದೆಹಲಿಯಲ್ಲಿ, ಆಂಗ್ಲೋ ಇಂಡಿಯನ್. ವಿಧಿಯ ವಿನೋದ ನೋಡಿ!

ಮುಷ್ಕರದವರು ಮಾಡಿದ ಕೆಲಸ ಬಹುಪಾಲು ಬೇಸರದ ಕೆಲಸ. ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ಚಳವಳಿಯೆಂದರೆ ಭಾಷಣ, ಘೋಷಣೆ ಎಂದು ನಾವು ಪಠ್ಯಪುಸ್ತಕದಲ್ಲಿ ಕಲಿಸಿದ್ದೇವೆ. ಮನೆಯಲ್ಲಿ ಗಂಡ, ಅತ್ತೆ, ಮಾವಂದಿರನ್ನು ಒಪ್ಪಿಸಬೇಕು. ಹೆಣ್ಣುಮಕ್ಕಳು ಬೀದಿಯಲ್ಲಿ ನಿಂತರೆ ಮರ್ಯಾದೆ ಹೋಗುತ್ತದೆಂಬ ಮಾತನ್ನು ನುಂಗಬೇಕು. ಚಳಿಯಲ್ಲಿ, ಮಳೆಯಲ್ಲಿ, ಸೀರೆಯ ಮೇಲೆ ಕೋಟು ತೊಟ್ಟು, ಒಳಗೆ ಹೋಗುವ ಬಸ್ಸಿಗೆ ದಿನವೂ ಅದೇ ಮಾತನ್ನು ಹೇಳಬೇಕು. ಬಸ್ಸಿನಲ್ಲಿ ಕುಳಿತಿರುವವರೂ ತಮ್ಮವರೇ. ಇದರ ಜೊತೆಗೆ ಊರೂರು ತಿರುಗಿ, ಸ್ಕಾಟ್‌ಲೆಂಡಿನ ಯಂತ್ರಾಗಾರಗಳಿಂದ ವೇಲ್ಸ್‌ನ ಗಣಿಗಳವರೆಗೆ ಸಾವಿರದಷ್ಟು ಕೆಲಸದ ಸ್ಥಳಗಳಿಗೆ ಅವರು ಹೋಗಿ ಬೆಂಬಲ ಕೇಳಿದರು. ಇಂಗ್ಲಿಷ್ ಅವರಿಗೆ ಎರಡನೆಯದೋ ಮೂರನೆಯದೋ ಭಾಷೆ. ಗಣಿಯ ಕೆಲಸಗಾರರ ಮುಂದೆ ನಾಲ್ಕಡಿ ಹತ್ತಂಗುಲದ ಹೆಂಗಸು ಎದ್ದು ನಿಂತು, ನಮಗೂ ಮರ್ಯಾದೆ ಬೇಕು ಎಂದು ಹೇಳುವ ದೃಶ್ಯವನ್ನು ನೀವೇ ಕಲ್ಪಿಸಿಕೊಳ್ಳಿ.

ಆ ದೇಶದ ಸಂಘಗಳ ಪೂರ್ವಚರಿತ್ರೆಯೂ ಉಜ್ವಲವಾದುದಲ್ಲ. 1968ರಲ್ಲಿ ಈನಕ್ ಪೊವೆಲ್ ವಲಸಿಗರ ವಿರುದ್ಧ ಭಾಷಣ ಮಾಡಿದಾಗ ಲಂಡನ್ ಬಂದರಿನ ಕಾರ್ಮಿಕರು ಅವನ ಪರವಾಗಿ ಮೆರವಣಿಗೆ ತೆಗೆದಿದ್ದರು. 1974ರಲ್ಲಿ ಲೆಸ್ಟರ್ ನಗರದ ಟೈಪ್‌ರೈಟರ್ ಕಾರ್ಖಾನೆಯ ಏಷ್ಯನ್ ಕೆಲಸಗಾರರು ಮುಷ್ಕರ ಹೂಡಿದಾಗ ಅವರ ಸಂಘದ ಸ್ಥಳೀಯ ಮುಖಂಡರೇ ಕೈಕೊಟ್ಟಿದ್ದರು. ಇಂಥ ನೆಲದಲ್ಲಿ 1977ರ ಜುಲೈ 11ರಂದು ಡಾಲಿಸ್ ಹಿಲ್‌ನ ಬೀದಿಗಳಲ್ಲಿ ಸುಮಾರು 20,000 ಜನ ಸೇರಿದರು. ಗಣಿಯವರು ಬಂದರು, ಬಂದರಿನವರು ತಮ್ಮ ಧ್ವಜ ಹಿಡಿದು ಬಂದರು. ಒಂಬತ್ತು ವರ್ಷಗಳ ಹಿಂದೆ ವಲಸಿಗರ ವಿರುದ್ಧ ನಡೆದ ಕಾಲುಗಳಲ್ಲಿ ಕೆಲವಾದರೂ ಆ ದಿನ ವಲಸಿಗ ಹೆಂಗಸರಿಗಾಗಿ ನಡೆದಿರಬೇಕೆಂದು ನನ್ನ ಊಹೆ. ಕ್ರಿಕಲ್‌ವುಡ್‌ನ ಅಂಚೆ ನೌಕರರಂತೂ ತಮ್ಮ ಕೆಲಸವನ್ನೇ ಪಣಕ್ಕಿಟ್ಟು ಗ್ರನ್‌ವಿಕ್‌ನ ಟಪಾಲನ್ನು ಮುಟ್ಟುವುದಿಲ್ಲವೆಂದರು. ಅಂಚೆಯಿಂದಲೇ ಬದುಕುವ ಕಂಪನಿಗೆ ಅದು ಕುತ್ತಿಗೆ ಹಿಸುಕಿದಂತೆ. ಮಾಲೀಕನ ಪರವಾದ ಸಂಘಟನೆಯೊಂದು ರಾತ್ರೋರಾತ್ರಿ ಟಪಾಲು ಚೀಲಗಳನ್ನು ಸಾಗಿಸಿ ಬೇರೆ ಬೇರೆ ಊರುಗಳ ಪೆಟ್ಟಿಗೆಗಳಿಗೆ ಹಾಕಿಸಿತು.

ಕೊನೆಗೆ ಅವರು ಸೋತರು. ನ್ಯಾಯಮೂರ್ತಿ ಸ್ಕಾರ್‌ಮನ್ ವಿಚಾರಣಾ ಮಂಡಲಿ 1977ರ ಆಗಸ್ಟಿನಲ್ಲಿ ಇವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಶಿಫಾರಸು ಮಾಡಿತು. ಮಾಲೀಕ ಒಪ್ಪಲಿಲ್ಲ, ಒಪ್ಪಿಸುವ ಕಾನೂನೂ ಇರಲಿಲ್ಲ. ದೊಡ್ಡ ಸಂಘಗಳು ಮೆಲ್ಲಗೆ ಹಿಂದೆ ಸರಿದವು. ನವೆಂಬರಿನಲ್ಲಿ ಜಯಾಬೆನ್ ಮತ್ತು ಮೂವರು ಸಂಗಾತಿಗಳು ಉಪವಾಸ ಕುಳಿತದ್ದು ಕಾರ್ಖಾನೆಯ ಮುಂದಲ್ಲ, ಕಾರ್ಮಿಕ ಸಂಘಗಳ ಮಹಾಮಂಡಲದ ಕಚೇರಿಯ ಮುಂದೆ! ಅದಕ್ಕಾಗಿ ಅವರ ಸಂಘವೇ ಅವರನ್ನು ಅಮಾನತು ಮಾಡಿತು. ಸಂಘಗಳ ಬೆಂಬಲವನ್ನು ಅವರು ಮೊಣಕೈಗೆ ಸವರಿದ ಜೇನಿಗೆ ಹೋಲಿಸಿದ್ದರು: ಕಾಣುತ್ತದೆ, ವಾಸನೆ ಬರುತ್ತದೆ, ನಾಲಿಗೆಗೆ ಎಟುಕುವುದಿಲ್ಲ. ನಾವು ಮೂಗಿಗೆ ತುಪ್ಪ ಸವರುವುದು ಎನ್ನುತ್ತೇವಲ್ಲ, ಅದೇ. 1978ರ ಜುಲೈ 14ರಂದು ಮುಷ್ಕರ ಮುಗಿಯಿತು. ಹೊರಗಿದ್ದವರಿಗೆ ಕೆಲಸ ಮರಳಲಿಲ್ಲ. ಮುಷ್ಕರ ನಡೆಯುತ್ತಿದ್ದಾಗಲೇ ಒಳಗಿದ್ದವರ ಸಂಬಳ ಮಾತ್ರ ಹೆಚ್ಚಿತ್ತು. ಜಯಾಬೆನ್ ಮುಂದೆ ಹೊಲಿಗೆ ಕಲಿಸಿದರು, ಅರವತ್ತರ ವಯಸ್ಸಿನಲ್ಲಿ ಕಾರು ಓಡಿಸುವ ಪರೀಕ್ಷೆ ಪಾಸು ಮಾಡಿದರು, 2010ರ ಡಿಸೆಂಬರಿನಲ್ಲಿ ತೀರಿಕೊಂಡರು.

ಒಂದು ಭಾನುವಾರ ಮಗಳನ್ನು ಒಪ್ಪಿಸಿ, ಅಳಿಯಂದಿರ ಜೊತೆಗೆ ವೆಂಬ್ಲಿ ಪಾರ್ಕಿನಲ್ಲಿ ರೈಲು ಬದಲಿಸಿ ಡಾಲಿಸ್ ಹಿಲ್‌ಗೆ ಹೋಗಿ ಬಂದೆ. ಕಾರ್ಖಾನೆ ಈಗಿಲ್ಲ. ಅಲ್ಲಿ ಸಮೀಪದ ಗೋಡೆಯ ಮೇಲೆ 2017ರಲ್ಲಿ ಆ ಹೆಂಗಸರ ಚಿತ್ರ ಬರೆಸಿದ್ದಾರೆ. ಅದರ ಮುಂದೆ ಅಳಿಯಂದಿರು ನನ್ನದೊಂದು ಫೋಟೋ ತೆಗೆದರು. ರೀಲು ತೊಳೆಸುವ ಪ್ರಮೇಯವಿಲ್ಲ.

ಇಷ್ಟಕ್ಕೇ ಆಗಿದ್ದರೆ ಇದೊಂದು ಪ್ರವಾಸ ಕಥನವಾಗುತ್ತಿತ್ತು. ನಾನು ಬಂದಿರುವ ಸುದ್ದಿ ತಿಳಿದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಂಗ್ಲೆಂಡಿನ ಉತ್ತರದ ಊರಿನಿಂದ ಐದು ಗಂಟೆ ಬಸ್ಸಿನಲ್ಲಿ ಕುಳಿತು ನೋಡಲು ಬಂದಳು. ಹೆಸರು, ಊರು, ವರ್ಷ ಯಾವುದನ್ನೂ ಬರೆಯುವುದಿಲ್ಲ, ಅವಳ ಜೊತೆಯಲ್ಲಿ ಓದಿದವರು ಊಹಿಸಬೇಡಿ. ಪೆಟ್ಟಿಗೆಯಲ್ಲಿ ಒಯ್ದಿದ್ದ ರಾಗಿಹಿಟ್ಟಿನಿಂದ ಮುದ್ದೆ ಮಾಡಿ, ಬಸ್ಸಾರು ಬಡಿಸಿದೆ. ಎರಡು ಮುದ್ದೆ ಉಂಡ ಮೇಲೆ ಅವಳು ಅತ್ತಳು.

ನರ್ಸಿಂಗ್ ಓದಿದ ಹುಡುಗಿ. ವೃದ್ಧರ ಆರೈಕೆ ಮಾಡುವ ಕೆಲಸಕ್ಕೆಂದು 2023ರಲ್ಲಿ ಹೋದವಳು. 2022ರಿಂದ ಇಂಥ ಕೆಲಸಗಾರರಿಗೆ ಆ ದೇಶ ಬಾಗಿಲು ತೆರೆದಿತ್ತು. 2025ರ ಜುಲೈಯಲ್ಲಿ ಹೊರದೇಶಗಳಿಂದ ಹೊಸಬರನ್ನು ತರುವುದನ್ನು ನಿಲ್ಲಿಸಿತು. ಏಜೆಂಟನಿಗೆ ಕೊಟ್ಟದ್ದು ಹದಿನಾಲ್ಕು ಲಕ್ಷ. ತಾಯಿಯ ಒಡವೆ, ಅಣ್ಣನ ನಿವೇಶನ, ಮೇಲೆ ಬಡ್ಡಿಸಾಲ. ವಾರಕ್ಕೆ ಮೂವತ್ತೊಂಬತ್ತು ಗಂಟೆ ಕೆಲಸವೆಂದು ಕಾಗದದಲ್ಲಿ, ಕೊಟ್ಟದ್ದು ಕೆಲವು ವಾರ ಹದಿನೈದು. ಮನೆಯಿಂದ ಮನೆಗೆ ಓಡಾಡುವ ಹೊತ್ತಿಗೆ ಸಂಬಳವಿಲ್ಲ. ಕಾರಿಗೆಂದು, ತರಬೇತಿಗೆಂದು ಕಡಿತ. ಮುದುಕರನ್ನು ಎತ್ತಿ ಕೂರಿಸುವ ಅವಸರದಲ್ಲಿ ತನಗೆ ಶೌಚಕ್ಕೂ ಬಿಡುವಿಲ್ಲದ ದಿನಗಳು. ಅದನ್ನು ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ನಾನು ಮೇಷ್ಟ್ರ ಚಪಲ ತಡೆಯಲಾರದೆ ಜಯಾಬೆನ್ ಕಥೆಯನ್ನು ಪೂರ್ತಿ ಹೇಳಿದೆ. ಅವಳು ಕೇಳಿದಳು, ತರಗತಿಯಲ್ಲಿ ಕೇಳುತ್ತಿದ್ದಂತೆಯೇ ಗಮನವಿಟ್ಟು ಕೇಳಿದಳು. ಆಮೇಲೆ, "ಮೇಡಂ, ಅವರ ಪಾಸ್‌ಪೋರ್ಟು ಯಾವ ದೇಶದ್ದು?" ಎಂದಳು.

ಮೂವತ್ತು ವರ್ಷ ಪ್ರಶ್ನೆ ಕೇಳಿದವಳು ನಾನು. ಇಷ್ಟು ಸರಿಯಾದ ಪ್ರಶ್ನೆಯನ್ನು ಕೇಳಿದ್ದೆನೋ ಇಲ್ಲವೋ. ಪೂರ್ವ ಆಫ್ರಿಕೆಯಿಂದ ಬಂದವರಲ್ಲಿ ಬಹಳ ಮಂದಿಯ ಕೈಯಲ್ಲಿದ್ದುದು ಬ್ರಿಟಿಷ್ ಪಾಸ್‌ಪೋರ್ಟು. ಜಾರ್ಜ್ ವಾರ್ಡ್ ಅವರ ಕೆಲಸವನ್ನು ಕಿತ್ತುಕೊಳ್ಳಬಲ್ಲವನಾಗಿದ್ದ, ದೇಶದಿಂದ ಹೊರಹಾಕಬಲ್ಲವನಾಗಿರಲಿಲ್ಲ. "ಅವರು ಕೆಲಸ ಬಿಟ್ಟರೆ ಮನೆಗೆ ಹೋಗುತ್ತಿದ್ದರು ಮೇಡಂ. ನನ್ನನ್ನು ಕೆಲಸದಿಂದ ತೆಗೆದರೆ ಅರವತ್ತು ದಿನದಲ್ಲಿ ಬೇರೆ ಮಾಲೀಕ ಸಿಗಬೇಕು, ಇಲ್ಲವಾದರೆ ಊರಿಗೆ ಹೋಗಬೇಕು. ಊರಿನಲ್ಲಿ ಸಾಲ ಕೊಟ್ಟವರು ಕುಳಿತಿದ್ದಾರೆ" ಎಂದಳು. ಅವಳ ವೀಸಾ ಅವಳದಲ್ಲ, ಮಾಲೀಕನ ಪ್ರಾಯೋಜಕತ್ವಕ್ಕೆ ಕಟ್ಟಿಹಾಕಿದ್ದು.

ಮಗಳು ಮಗುವಿಗೆ ಹಾಲೂಡಿಸುತ್ತ ಎಲ್ಲವನ್ನೂ ಕೇಳುತ್ತಿದ್ದಳು. ರಾತ್ರಿ ನನ್ನ ಬಳಿ ಬಂದು, "ಅಮ್ಮ, ಅವಳಿಗೆ ಹೋರಾಟ ಗೀರಾಟ ಅಂತ ಹೇಳಿಕೊಡಬೇಡ. ನಮ್ಮ ವೀಸಾನೂ ಕಂಪನಿಯದೇ" ಎಂದಳು. ಒಳ್ಳೆಯ ಸಂಬಳ, ಒಳ್ಳೆಯ ಮನೆ ಇರುವ ನನ್ನ ಮಗಳ ದನಿಯಲ್ಲಿಯೂ ಅದೇ ಅಳುಕು ಇದ್ದುದು ಆಗಲೇ ನನಗೆ ಕೇಳಿಸಿದ್ದು.

ಈ ಹಗ್ಗವನ್ನು ಬಿಚ್ಚಿಸಿದವರೂ ಆ ದೇಶದಲ್ಲಿ ಇದ್ದರು. ಶ್ರೀಮಂತರ ಮನೆಗೆಲಸಕ್ಕೆಂದು ಅವರೊಡನೆ ಬಂದು ಬಂದಿಗಳಂತಿದ್ದ ಹೆಂಗಸರು, ಹೆಚ್ಚಿನವರು ಫಿಲಿಪ್ಪೀನ್ಸಿನವರು, 1980ರ ದಶಕದಲ್ಲಿ ವಾಲಿಂಗ್ ವಾಲಿಂಗ್ ಎಂಬ ಸಂಘ ಕಟ್ಟಿಕೊಂಡರು. ಕಲಾಯಾನ್ ಎಂಬ ಸಂಸ್ಥೆ ಅವರಿಗೆ ಬೆಂಬಲವಾಗಿ ನಿಂತಿತು. ಹತ್ತು ವರ್ಷಕ್ಕೂ ಮೀರಿ ಪಟ್ಟುಹಿಡಿದು, 1998ರಲ್ಲಿ ಮಾಲೀಕನನ್ನು ಬದಲಿಸುವ ಹಕ್ಕನ್ನು ಪಡೆದರು. 2012ರಲ್ಲಿ ಸರ್ಕಾರ ಆ ವೀಸಾ ನಿಯಮವನ್ನು ಬದಲಿಸಿ, ಹೊಸದಾಗಿ ಬರುವವರಿಗೆ ಹಕ್ಕನ್ನು ಇಲ್ಲವಾಗಿಸಿತು. ಈಗ ಆರೈಕೆ ಕೆಲಸಗಾರರ ಪರವಾಗಿ ಯೂನಿಸನ್ ಸಂಘ ಕೇಳುತ್ತಿರುವುದೂ ಅದನ್ನೇ: ವೀಸಾ ಒಬ್ಬ ಮಾಲೀಕನ ಕೈಯಲ್ಲಿರದೆ ಇಡೀ ಕ್ಷೇತ್ರಕ್ಕೆ ಅನ್ವಯವಾಗಲಿ ಎಂದು. ಇದನ್ನು ವಿದ್ಯಾರ್ಥಿನಿಗೆ ತಿಳಿಸಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮಗಳ ಮಾತು ಸುಳ್ಳಲ್ಲ. ನಾನು ಹುರಿದುಂಬಿಸಿ ವಿಮಾನ ಹತ್ತುವವಳು, ಅಲ್ಲಿ ಉಳಿಯುವವಳು ಅವಳು. ಕೊನೆಗೆ ತಿಳಿಸಿದೆ. ಹೀಗೆ ಮಾಡು ಎನ್ನಲಿಲ್ಲ.

ಊರಿಗೆ ಮರಳಿದ ಮೂರನೆಯ ವಾರ ಅವಳ ಫೋನು ಬಂತು. ಜೊತೆಯಲ್ಲಿ ಕೆಲಸ ಮಾಡುವ ಜಿಂಬಾಬ್ವೆಯ ಹೆಂಗಸೊಬ್ಬಳು ಮೊದಲೇ ಯೂನಿಸನ್ ಸೇರಿದ್ದಳಂತೆ. ಅವಳ ಮನೆಯಲ್ಲಿ ರಾತ್ರಿಪಾಳಿ ಮುಗಿದ ಮೇಲೆ ಏಳು ಜನ ಸೇರಿದ್ದಾರೆ. ಕಡಿತಗಳ ವಿವರ ಕೇಳಿ ಒಂದು ಪತ್ರ ಬರೆದಿದ್ದಾರೆ. "ಪತ್ರಲೇಖನಕ್ಕೆ ನೀವು ನನಗೆ ಹತ್ತಕ್ಕೆ ಆರು ಕೊಟ್ಟಿದ್ದಿರಿ ಮೇಡಂ, ಈಗಲಾದರೂ ತಿದ್ದಿ ಕೊಡಿ" ಎಂದಳು. ತಿದ್ದಿದೆ. ತಪ್ಪು ಹೆಚ್ಚಿರಲಿಲ್ಲ. ಆದರೆ ಎಲ್ಲರ ತೊಡಕು ಒಂದೇ: ಮೊದಲ ಸಹಿ ಯಾರದು? ಮೊದಲು ಸಹಿ ಮಾಡಿದವರೇ ಮೊದಲು ಮನೆಗೆ ಹೋಗಬೇಕಾದೀತೆಂಬ ಭಯ. ಹಿಂದಿನ ಕಾಲದ ಹಡಗುಗಳಲ್ಲಿ ನಾವಿಕರು ಕಪ್ತಾನನಿಗೆ ದೂರು ಕೊಡುವಾಗ ಸಹಿಗಳನ್ನು ಚಕ್ರಾಕಾರವಾಗಿ ಹಾಕುತ್ತಿದ್ದರು, ಮೊದಲಿನವರು ಯಾರೆಂದು ತಿಳಿಯದಂತೆ. ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಫೋನಿನ ಆ ಬದಿಯಲ್ಲಿ ಅವಳು ಅದನ್ನು ಇಂಗ್ಲಿಷಿನಲ್ಲಿ ಇತರರಿಗೆ ವಿವರಿಸುತ್ತಿದ್ದುದೂ, ಯಾರೋ ಜೋರಾಗಿ ನಕ್ಕದ್ದೂ, ಮತ್ತೊಬ್ಬರು ಸುತ್ತು ಎಳೆಯಲು ತಟ್ಟೆಯೊಂದನ್ನು ತರಹೇಳಿದ್ದೂ ಕೇಳಿಸಿತು.

ಪತ್ರ ಕೊಟ್ಟು ಹನ್ನೊಂದು ದಿನವಾಯಿತು. ಉತ್ತರ ಇನ್ನೂ ಬಂದಿಲ್ಲವಂತೆ. ಅವಳ ಪಾಳಿ ಮುಗಿಯುವ ಹೊತ್ತಿಗೆ ಇಲ್ಲಿ ನಡುಮಧ್ಯಾಹ್ನ. ಆ ಹೊತ್ತಿನಲ್ಲಿ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.